ರೀಮ್ಸ್, ವರ್ಡನ್, ಸ್ಟ್ರಾಸ್‌ಬರ್ಗ್: ಹಳೇ ಹಗೆಯ ದಾರಿಯಲ್ಲಿ ಒಂದು ಸುತ್ತು

ಪ್ಯಾರಿಸ್ ನೋಡಿದ ಮೇಲೆ ನಮ್ಮವರು ಸಾಮಾನ್ಯವಾಗಿ ಸ್ವಿಟ್ಜರ್ಲೆಂಡ್ ಕಡೆ ಓಡುತ್ತಾರೆ. ನಾಲ್ಕು ದಿನ ಉಳಿಸಿಕೊಳ್ಳಲು ಆಗುವುದಾದರೆ ಪೂರ್ವಕ್ಕೆ ಹೊರಡಿ. 1870ರಿಂದ 1945ರೊಳಗೆ ಮೂರು ಸಲ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿ ಆಮೇಲೆ ಹೇಗೆ ಹೊಂದಿಕೊಂಡವು, ಎಲ್ಲಿ ಇನ್ನೂ ನೋವು ಉಳಿದಿದೆ ಅನ್ನೋದು ಈ ದಾರಿಯಲ್ಲಿ ಕಾಣಸಿಗುತ್ತದೆ.

ಫ್ರಾನ್ಸ್‌ನಲ್ಲೇ ಜಾಸ್ತಿ ದಿನ ಇರುವುದರಿಂದ ಷೆಂಗೆನ್ ವೀಸಾಗೆ ಫ್ರಾನ್ಸ್‌ಗೇ ಅರ್ಜಿ ಹಾಕಿ. ಪ್ಯಾರಿಸ್‌ನಲ್ಲಿ ಇಳಿದು, ವಾಪಸ್ ಫ್ರಾಂಕ್‌ಫರ್ಟ್‌ನಿಂದ ಹತ್ತಿದರೆ ಬಂದ ದಾರಿಯಲ್ಲೇ ಮತ್ತೆ ಹೋಗುವುದು ತಪ್ಪುತ್ತದೆ.

ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ರೀಮ್ಸ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಫ್ರಾನ್ಸ್‌ನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ದೊಡ್ಡ ಚರ್ಚ್ ಇಲ್ಲಿದೆ. 1914ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಫಿರಂಗಿಗಳ ಹೊಡೆತಕ್ಕೆ ಅದು ಹೊತ್ತಿ ಉರಿಯಿತು. 1962ರ ಜುಲೈ 8ರಂದು ಅದೇ ಚರ್ಚ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಒಟ್ಟಿಗೆ ಪ್ರಾರ್ಥನೆಗೆ ಕೂತರು. ಅದರ ನೆನಪಿನ ಫಲಕ ಹೊರಗಡೆ ನೆಲದಲ್ಲೇ ಇದೆ, ಎಷ್ಟೋ ಜನ ಗಮನಿಸದೆ ದಾಟಿಬಿಡುತ್ತಾರೆ. ಒಳಗೆ ಚಿತ್ರಕಾರ ಶಗಾಲ್‌ನ ಗಾಜಿನ ಕಿಟಕಿಗಳ ಮುಂದೆ ಜನ ಗುಂಪುಗೂಡಿರುತ್ತಾರೆ. ಅಲ್ಲೇ ಅಕ್ಕಪಕ್ಕದಲ್ಲಿ ಜರ್ಮನ್ ಕಲಾವಿದ ಇಮಿ ಕ್ನೋಬೆಲ್ ಮಾಡಿದ ಕಿಟಕಿಗಳೂ ಇವೆ, ಅವನ್ನು ಬಿಡಬೇಡಿ. ರೈಲು ನಿಲ್ದಾಣದ ಹಿಂದಿರುವ ಕೆಂಪು ಇಟ್ಟಿಗೆಯ ಶಾಲೆಗೂ ಹೋಗಿ. 1945ರ ಮೇ 7ರಂದು ಜರ್ಮನಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ಕೋಣೆ, ಗೋಡೆಯ ತುಂಬಾ ನಕ್ಷೆಗಳ ಸಮೇತ ಇದೆ.

ರೀಮ್ಸ್‌ನಿಂದ ಮುಂದಕ್ಕೆ ಕಾರು ಬಾಡಿಗೆಗೆ ತಗೊಳ್ಳಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ಊರಿನಿಂದಲೇ ಮಾಡಿಸಿಕೊಂಡು ಬನ್ನಿ. ವರ್ಡನ್ ಊರಿಗೆ ರೈಲು, ಬಸ್ಸು ಸೇರಿಸಿ ಹೋಗಬಹುದು. ಆದರೆ ಯುದ್ಧಭೂಮಿ ಊರಿನ ಆಚೆ ಕಾಡಿನಲ್ಲಿ ಹರಡಿಕೊಂಡಿದೆ, ಕಾರಿಲ್ಲದಿದ್ದರೆ ಅರ್ಧ ದಿನ ಸುಮ್ನೆ ಕಳೆದುಹೋಗುತ್ತದೆ. ತಿನ್ನಲು ಏನಾದರೂ ಕಟ್ಟಿಕೊಳ್ಳಿ. ಕೆಸರಿಗೆ ಆಗುವ ಬೂಟು, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ, ಅಲ್ಲಿನ ಹಳೇ ಕೋಟೆಯ ಒಳಗೆ ಥಂಡಿ. ಗುರುತು ಮಾಡಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ಸಿಡಿಯದ ಶೆಲ್‌ಗಳು ಆ ಮಣ್ಣಿನಲ್ಲಿ ಇನ್ನೂ ಇವೆ.

ಮೊದಲ ಮಹಾಯುದ್ಧದಲ್ಲಿ, 1916ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ನಡೆದ ಕದನದಲ್ಲಿ ಇಲ್ಲಿ ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಜನ ಸತ್ತರು. ನೆಲ ಇವತ್ತಿಗೂ ಸಿಡುಬಿನ ಕಲೆಯ ಮುಖದಂತಿದೆ. ಫ್ಲೂರಿ ಅನ್ನುವ ಹಳ್ಳಿಯಲ್ಲಿ ಒಂದು ಮನೆಯೂ ಉಳಿದಿಲ್ಲ. ಯಾವ ಮನೆ ಎಲ್ಲಿತ್ತು ಎಂದು ಫಲಕ ನೆಟ್ಟಿದ್ದಾರೆ, ಅಷ್ಟೇ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಕೊಡಿ. ವಿವರಣೆ ಇಂಗ್ಲಿಷ್‌ನಲ್ಲೂ ಇದೆ. ಫ್ರೆಂಚ್ ಸೈನಿಕನ ಪಾಡಿನ ಜೊತೆಗೇ ಜರ್ಮನ್ ಸೈನಿಕನ ಪಾಡನ್ನೂ ಹೇಳುತ್ತಾರೆ.

ಡೂಓಮೋಂನ ಮೂಳೆಗಳ ಸ್ಮಾರಕಕ್ಕೆ ಬಂದಾಗ ಮೊದಲು ಕಟ್ಟಡದ ಹಿಂದಕ್ಕೆ ಹೋಗಿ. ನೆಲಮಟ್ಟದ ಸಣ್ಣ ಕಿಟಕಿಗಳಲ್ಲಿ ಬಗ್ಗಿ ನೋಡಿದರೆ ಮೂಳೆಗಳು ಕಾಣುತ್ತವೆ. ಗುರುತು ಸಿಗದ ಸುಮಾರು 1,30,000 ಸೈನಿಕರ ಅವಶೇಷ ಅದು. ಯಾರು ಫ್ರೆಂಚ್, ಯಾರು ಜರ್ಮನ್ ಎಂದು ಬೇರ್ಪಡಿಸಲು ಆಗದೆ ಒಟ್ಟಿಗೇ ಇಟ್ಟರು. ಮುಂದಿನ ಸ್ಮಶಾನದ 16,000ಕ್ಕೂ ಹೆಚ್ಚು ಗೋರಿಗಳು ಮಾತ್ರ ಫ್ರಾನ್ಸ್ ಪರ ಸತ್ತವರದ್ದು. ಅದರಲ್ಲಿ ವಸಾಹತುಗಳಿಂದ ಬಂದ ಮುಸ್ಲಿಂ ಸೈನಿಕರ ಗೋರಿಗಳೂ ಇವೆ, ಮೆಕ್ಕಾದ ದಿಕ್ಕಿಗೆ ತಿರುಗಿಸಿ ಕಟ್ಟಿದವು. ಸ್ಮಾರಕದ ಒಳಗಿನ ಕಲ್ಲುಗಳ ಮೇಲೆ ಒಬ್ಬ ಜರ್ಮನ್ ಸೈನಿಕನ ಹೆಸರು ಮೊದಲ ಬಾರಿ ಬಂದದ್ದು 2014ರಲ್ಲಿ.

ಅಂದರೆ 1984ರ ಸೆಪ್ಟೆಂಬರ್ 22ರ ಆ ಪ್ರಸಿದ್ಧ ಫೋಟೊ ತೆಗೆದು ಮೂವತ್ತು ವರ್ಷ ಆದಮೇಲೆ! ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್ ಕೈ ಹಿಡಿದು ನಿಂತಿದ್ದು ಇದೇ ಅಂಗಳದಲ್ಲಿ. ಎಲ್ಲರೂ ಇಲ್ಲಿ ಸೆಲ್ಫಿ ತಗೊಂಡು ಹೊರಡುತ್ತಾರೆ. ನನಗೇನೋ ಕೈ ಹಿಡಿದದ್ದು ಸುಲಭದ ಭಾಗ ಅನ್ನಿಸುತ್ತದೆ. ಅದಕ್ಕೂ ಮೊದಲು 1963ರಲ್ಲೇ ಒಪ್ಪಂದ ಮಾಡಿಕೊಂಡು, ಯುವಜನರ ವಿನಿಮಯಕ್ಕೆಂದೇ ಒಂದು ಕಚೇರಿ ತೆರೆದರು. ಇಲ್ಲಿಯವರೆಗೆ 90 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಆಚೆ ಈಚೆ ಹೋಗಿಬಂದಿದ್ದಾರೆ. ಎರಡೂ ದೇಶದ ಶಾಲೆಗಳಿಗೆ ಒಂದೇ ಇತಿಹಾಸ ಪಠ್ಯಪುಸ್ತಕ ಬಂದದ್ದು 2006ರಲ್ಲಿ. ಇಷ್ಟೆಲ್ಲ ದುಡ್ಡು, ಸಮಯ ಹಾಕದೆ ಬರೀ ಕೈ ಹಿಡಿದಿದ್ದರೆ ಅದು ಒಂದು ದಿನದ ಸುದ್ದಿ, ಅಲ್ವಾ?

ಸಮಯ ಇದ್ದರೆ ಉತ್ತರಕ್ಕೆ ಕಾನ್ಸಾನ್‌ವ್ವಾ ಹಳ್ಳಿಯ ಜರ್ಮನ್ ಸ್ಮಶಾನಕ್ಕೂ ಹೋಗಿ. ಅಲ್ಲಿ 11,000ಕ್ಕೂ ಹೆಚ್ಚು ಜನ ಮಲಗಿದ್ದಾರೆ. ಡೂಓಮೋಂನ ಬಿಳಿ ಶಿಲುಬೆಗಳನ್ನು ನೋಡಿ ಬಂದ ಕಣ್ಣಿಗೆ ಅಲ್ಲಿನ ಕಡು ಬಣ್ಣದ ಶಿಲುಬೆಗಳು ಎದ್ದು ಕಾಣುತ್ತವೆ.

ಸ್ಟ್ರಾಸ್‌ಬರ್ಗ್‌ನಲ್ಲಿ ಊಟಕ್ಕೆ ಕಷ್ಟವಿಲ್ಲ. ತಾರ್ತ್ ಫ್ಲಾಂಬೆ ಎಂಬ ತೆಳ್ಳನೆಯ ರೊಟ್ಟಿಯ ಮೇಲೆ ಹಂದಿಮಾಂಸದ ಚೂರು ಹಾಕುತ್ತಾರೆ. ಸಸ್ಯಾಹಾರಿಗಳು 'ಸಾಂ ಲಾರ್ದೋಂ' ಎಂದು ಕೇಳಿ, ಈರುಳ್ಳಿ, ಕೆನೆ ಮಾತ್ರ ಹಾಕಿ ಕೊಡುತ್ತಾರೆ. ಆಮೇಲೆ ರಿಪಬ್ಲಿಕ್ ಚೌಕಕ್ಕೆ ನಡೆಯಿರಿ. 1871ರಲ್ಲಿ ಈ ಊರು ಜರ್ಮನಿಯದಾಯಿತು, 1918ರಲ್ಲಿ ಫ್ರಾನ್ಸ್‌ನದು, 1940ರಲ್ಲಿ ಮತ್ತೆ ಜರ್ಮನಿ, 1944ರಲ್ಲಿ ಮತ್ತೆ ಫ್ರಾನ್ಸ್. ಇಂಥ ಊರಿನ ಯುದ್ಧ ಸ್ಮಾರಕ ಹೇಗಿರಬೇಕು? ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ಹಿಡಿದುಕೊಂಡಿದ್ದಾಳೆ. ಮಕ್ಕಳ ಮೈಮೇಲೆ ಯಾವ ದೇಶದ ಸಮವಸ್ತ್ರವೂ ಇಲ್ಲ. 'ನಮ್ಮ ಸತ್ತವರಿಗೆ' ಎಂದಷ್ಟೇ ಬರೆದಿದೆ, ಯಾರಿಗಾಗಿ ಸತ್ತರು ಎಂದು ಬರೆದಿಲ್ಲ.

ಇಲ್ಲೇ ಗಂಟು ಬಿಗಿಯಾಗಿರುವುದು. ಎರಡನೇ ಮಹಾಯುದ್ಧದಲ್ಲಿ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರಾಂತ್ಯ ಮತ್ತು ಪಕ್ಕದ ಮೊಸೆಲ್‌ನ ಸುಮಾರು 1,30,000 ಗಂಡಸರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿದರು. 1944ರ ಜೂನ್ 10ರಂದು ಫ್ರಾನ್ಸ್‌ನ ಒರಾದೂರ್ ಹಳ್ಳಿಯಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದ ತುಕಡಿಯಲ್ಲಿ ಅಂಥವರೂ ಇದ್ದರು. 1953ರಲ್ಲಿ ಅವರಿಗೆ ಶಿಕ್ಷೆಯಾದಾಗ ಅಲ್ಸಾಸ್ ಸಿಟ್ಟಾಯಿತು. ಸಂಸತ್ತು ಅವರಿಗೆ ಕ್ಷಮಾದಾನ ಕೊಟ್ಟಾಗ ಒರಾದೂರ್ ಸಿಟ್ಟಾಯಿತು. ಆ ಮುನಿಸು ದಶಕಗಟ್ಟಲೆ ಹೋಗಲಿಲ್ಲ. ಗಡಿಯಾಚೆಯವರ ಜೊತೆ ರಾಜಿ ಮಾಡಿಕೊಂಡ ದೇಶಕ್ಕೆ ಒಳಗಿನವರ ನಡುವಿನ ಜಗಳ ಬಗೆಹರಿಸುವುದೇ ಹೆಚ್ಚು ಕಷ್ಟವಾಯಿತು.

ಕೊನೆಯ ದಿನ ‘ಡಿ’ ಮಾರ್ಗದ ಟ್ರಾಮ್ ಹತ್ತಿ. 2017ರಿಂದ ಅದು ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಗುತ್ತದೆ. ಜೊತೆಗಿರುವವರಲ್ಲಿ ಎಷ್ಟೋ ಜನ ಸಿಗರೇಟು, ಸೋಪು ಅಗ್ಗವೆಂದು ಹೊರಟ ಫ್ರೆಂಚರು. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಡಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಈ ಗಡಿಯಲ್ಲೂ ತಪಾಸಣೆ ಶುರು ಮಾಡಿತು, ಪೊಲೀಸರು ಟ್ರಾಮ್ ಹತ್ತಿ ಕೇಳಬಹುದು.