ಹದಿನೇಳನೆಯ ಚೌಕ

ಕಳೆದ ವರ್ಷ ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಡಬ್ಲ್ಯು-2 ಹರಡಿಕೊಂಡು ಕುಳಿತೆ. ವರ್ಷವಿಡೀ ಕೊಟ್ಟ ಸಂಬಳ, ಹಿಡಿದುಕೊಂಡ ತೆರಿಗೆ ಎಲ್ಲವನ್ನೂ ಚೌಕಗಳಲ್ಲಿ ತುಂಬಿ ಕಂಪನಿ ಕೊಡುವ ಹಾಳೆ ಅದು. ಹದಿನೇಳನೆಯ ಚೌಕದಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಆದಾಯ ತೆರಿಗೆ 2,763 ಡಾಲರ್. ಹತ್ತೊಂಬತ್ತನೆಯದರಲ್ಲಿ ಫಿಲಡೆಲ್ಫಿಯ ನಗರದ ತೆರಿಗೆ 3,096 ಡಾಲರ್. ನಾವು ವಾಸವಿರುವ ನ್ಯೂಜೆರ್ಸಿಯ ಹೆಸರೇ ಇಲ್ಲ. ತಟ್ಟೆಯಲ್ಲಿ ಉಪ್ಪಿಟ್ಟು ತಣ್ಣಗಾಯಿತು.

ನಮ್ಮ ಮನೆ ಚೆರಿ ಹಿಲ್‌ನಲ್ಲಿ. ವುಡ್‌ಕ್ರೆಸ್ಟ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆಯ ಮೇಲೆ ಡೆಲವೇರ್ ನದಿ ದಾಟಿ ಫಿಲಡೆಲ್ಫಿಯ. ನದಿಯ ನಡುವೆ ರಾಜ್ಯದ ಗಡಿ ಇದೆಯೆಂದು ಒಂದು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ರಾಜ್ಯಕ್ಕೆಂದು ಸಂಬಳದಿಂದ ಹೋಗುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಹೊಸೂರಿನಿಂದ ಅತ್ತಿಬೆಲೆ ದಾಟಿ ಬರುತ್ತಿದ್ದ ಸಹೋದ್ಯೋಗಿಗೂ ಅಷ್ಟೇ. ಆದಾಯ ತೆರಿಗೆ ಏನಿದ್ದರೂ ದೆಹಲಿಯ ಬಾಬತ್ತು.

ನ್ಯೂಜೆರ್ಸಿಯದೇ ಎಡಿಸನ್‌ನಲ್ಲಿರುವ ಪುತ್ತೂರಿನ ಗೆಳೆಯನಿಗೆ ಫೋನು ಮಾಡಿದೆ. ಅವನ ಕೆಲಸ ಮ್ಯಾನ್‌ಹಟನ್‌ನಲ್ಲಿ. "ಅದಕ್ಕೆ ಯಾಕೆ ತಲೆಬಿಸಿ ಮಾರಾಯ? ನಾನು ನ್ಯೂಯಾರ್ಕಿಗೆ ಕಟ್ಟಿದ್ದನ್ನು ನ್ಯೂಜೆರ್ಸಿಯ ಲೆಕ್ಕದಲ್ಲಿ ಕಳೆಯುತ್ತೇನೆ. ನೀನೂ ಪೆನ್ಸಿಲ್ವೇನಿಯದ್ದನ್ನು ಕಳೆದುಬಿಡು" ಎಂದ. ನಾನು ಹಾಗೆಯೇ ತುಂಬಿಯೂಬಿಟ್ಟೆ. ನ್ಯೂಜೆರ್ಸಿಯ ಸೂಚನಾ ಪುಸ್ತಿಕೆಯನ್ನು ಓದುತ್ತಿದ್ದ ಹೆಂಡತಿ ತಲೆಯೆತ್ತಿ, "ರೀ, ಪೆನ್ಸಿಲ್ವೇನಿಯದ ಸಂಬಳದ ತೆರಿಗೆಯನ್ನು ಕಳೆಯುವಂತಿಲ್ಲ ಎಂದು ಇಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ" ಎಂದಳು.

ಕಾರಣ, ಎರಡು ರಾಜ್ಯಗಳ ನಡುವಿನ 1977ರ ಒಪ್ಪಂದ. ಒಂದು ಕಡೆ ವಾಸವಿದ್ದು ಇನ್ನೊಂದು ಕಡೆ ದುಡಿಯುವವರ ಸಂಬಳದ ಮೇಲೆ ವಾಸದ ರಾಜ್ಯಕ್ಕೆ ಮಾತ್ರ ಹಕ್ಕು. ಪೆನ್ಸಿಲ್ವೇನಿಯ ಇಂಥ ಒಡಂಬಡಿಕೆಯನ್ನು ಒಹಾಯೊ, ಮೇರಿಲ್ಯಾಂಡ್ ಸೇರಿ ಆರು ರಾಜ್ಯಗಳೊಂದಿಗೆ ಇಟ್ಟುಕೊಂಡಿದೆ. ನ್ಯೂಯಾರ್ಕಿಗೂ ನ್ಯೂಜೆರ್ಸಿಗೂ ಅದಿಲ್ಲ. ಗೆಳೆಯನ ಔಷಧಿ ಅವನ ಕಾಯಿಲೆಗೆ ಸರಿ, ನನ್ನದಕ್ಕಲ್ಲ. ನನ್ನಿಂದ ಹಿಡಿಯಲೇಬಾರದಿದ್ದ ಹಣವನ್ನು ಪೆನ್ಸಿಲ್ವೇನಿಯದಿಂದಲೇ ಕೇಳಿ ಪಡೆಯಬೇಕಿತ್ತು.

ಹಿಡಿದದ್ದೇಕೆ? ಸೋಮವಾರ ಕಚೇರಿಯಲ್ಲಿ ವಿಚಾರಿಸಿದೆ. "ರೆವ್-419 ಕೊಟ್ಟಿದ್ದೀರಾ?" ನಾನು ಬೇರೆ ರಾಜ್ಯದ ನಿವಾಸಿ, ತೆರಿಗೆ ಹಿಡಿಯಬೇಡಿ ಎಂದು ಮಾಲೀಕರಿಗೆ ಬರೆದುಕೊಡುವ ಅರ್ಜಿಯಂತೆ ಅದು. ಕೆಲಸಕ್ಕೆ ಸೇರಿದ ದಿನ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಕಾಫಿ ಯಂತ್ರದ ನಿಯಮಗಳಿಗೂ ಸೇರಿ. ಈ ಅರ್ಜಿ ಆ ಕಟ್ಟಿನಲ್ಲಿರಲಿಲ್ಲ. "ಅದನ್ನು ನೌಕರರೇ ಕೇಳಿ ಪಡೆಯಬೇಕು" ಎಂದರು. ಹೆಸರೇ ಗೊತ್ತಿಲ್ಲದ ಅರ್ಜಿಯನ್ನು ಕೇಳುವುದು ಹೇಗೆ ಎಂಬ ಪ್ರಶ್ನೆ ಬಾಯಿಯವರೆಗೆ ಬಂದು ವಾಪಸು ಹೋಯಿತು.

ಒಪ್ಪಂದ ಇಷ್ಟು ವರ್ಷ ಉಳಿದದ್ದೂ ಸುಮ್ಮನೆ ಅಲ್ಲ. 2016ರಲ್ಲಿ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಬಜೆಟ್ ಹೊಂದಿಸಲು ಅದನ್ನು ಕೊನೆಗಾಣಿಸುವುದಾಗಿ ಘೋಷಿಸಿ, ಮೂರು ತಿಂಗಳೊಳಗೆ ಹಿಂದೆ ಸರಿದಿದ್ದರು.

ಇನ್ನು ಫಿಲಡೆಲ್ಫಿಯ. ರಾಜ್ಯಗಳು ಏನೇ ಕೈಕುಲುಕಿಕೊಳ್ಳಲಿ, ನಗರಕ್ಕೆ ಅದು ಲೆಕ್ಕಕ್ಕಿಲ್ಲ. ಹೊರಗಿನಿಂದ ಬಂದು ದುಡಿಯುವವರಿಂದ 2024ರಲ್ಲಿ ಶೇಕಡಾ 3.44 ವಸೂಲು ಮಾಡುತ್ತಿತ್ತು. ಪೆನ್ಸಿಲ್ವೇನಿಯದ ಶೇಕಡಾ 3.07ಕ್ಕಿಂತ ಹೆಚ್ಚು. ಆದರೆ ಈ ನಗರ ತೆರಿಗೆಯನ್ನು ಕಳೆಯಲು ನ್ಯೂಜೆರ್ಸಿ ಬಿಡುತ್ತದೆ. ನಮ್ಮಿಬ್ಬರ ಜಂಟಿ ಲೆಕ್ಕದಲ್ಲಿ, ಒಬ್ಬನೇ ದುಡಿಯುವ ಮನೆಗೆ, ನ್ಯೂಜೆರ್ಸಿಯ ತೆರಿಗೆ ಬಂದದ್ದು ಎರಡು ಸಾವಿರ ಡಾಲರಿನ ಆಸುಪಾಸು. ನಗರ ಅದಕ್ಕಿಂತ ಸಾವಿರ ಹೆಚ್ಚೇ ಕಿತ್ತುಕೊಂಡಿತ್ತಲ್ಲ! ಕಳೆದರೆ ಸೊನ್ನೆ. ನಂಬಿಕೆಯಾಗದೆ ಮೂರು ಸಲ ಕೂಡಿ ಕಳೆದೆ, ನಾಲ್ಕನೆಯ ಸಲ ಹೆಂಡತಿ ಕಳೆದಳು. ಇರುವ ರಾಜ್ಯಕ್ಕೆ ಏನೂ ಇಲ್ಲ, ದುಡಿಯುವ ರಾಜ್ಯಕ್ಕೂ ಏನೂ ಇಲ್ಲ. ಹಗಲೆಲ್ಲ ಇದ್ದು ಸಂಜೆ ಬಿಟ್ಟು ಬರುವ ಊರಿಗೆ ಎಲ್ಲವೂ. ನ್ಯೂಜೆರ್ಸಿಗೆ ಎಷ್ಟು ದಂಡ ತೆರಬೇಕಾಗುತ್ತದೋ ಎಂದು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.

ಮೊದಲು ನ್ಯೂಜೆರ್ಸಿಯ ಲೆಕ್ಕ ಮುಗಿಸಿದೆ. ಅದರ ಪ್ರತಿಯನ್ನೂ ನಾನು ಎಲ್ಲಿಯ ನಿವಾಸಿ ಎಂಬ ಒಂದು ಪುಟದ ಒಕ್ಕಣೆಯನ್ನೂ ಪೆನ್ಸಿಲ್ವೇನಿಯದ ತೆರಿಗೆ ಲೆಕ್ಕದ ನಮೂನೆಯಾದ ಪಿಎ-40ಕ್ಕೆ ಲಗತ್ತಿಸಿ, ಹಣ ಮರಳಿಸಿ ಎಂದು ಕೋರಿ ಅಂಚೆಗೆ ಹಾಕಿದೆ. ಮೇ ತಿಂಗಳಲ್ಲಿ ಚೆಕ್ಕು ಬಂತು, ಒಂದು ಡಾಲರೂ ಕಡಿಮೆಯಿಲ್ಲದೆ. ಅಷ್ಟರಲ್ಲಿ ಕಚೇರಿಗೆ ರೆವ್-419 ಕೊಟ್ಟಾಗಿತ್ತು.

ಅದೇ ವಾರ ನಮ್ಮ ತಂಡಕ್ಕೆ ಹೊಸಬರೊಬ್ಬರು ಸೇರಿದರು. ಮನೆ ನಮ್ಮ ಪಕ್ಕದ ಊರಿನಲ್ಲೇ ಎಂದು ಗೊತ್ತಾದ ಕೂಡಲೇ, ಕುಶಲ ವಿಚಾರಿಸುವ ಮೊದಲೇ, "ನಾಲ್ಕುನೂರ ಹತ್ತೊಂಬತ್ತು ಕೊಟ್ಟಿರಾ?" ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ನಾನು ಬಸ್ಸಿನಲ್ಲಿ ಬರುವುದಿಲ್ಲ, ರೈಲಿನಲ್ಲಿ" ಎಂದರು.