ಮುಸುಕು ಸರಿದಾಗ ತೆಗೆದ ಫೋಟೊ

ಹಾಸನದ ಒಂದು ಜಿಲ್ಲಾ ಪತ್ರಿಕೆಯಲ್ಲಿ ಅಪರಾಧ ಮತ್ತು ನ್ಯಾಯಾಲಯದ ಸುದ್ದಿಗಳನ್ನು ನಾನು ಬಹಳ ವರ್ಷಗಳಿಂದ ಬರೆಯುತ್ತಿದ್ದೇನೆ. ಜಿಲ್ಲಾ ಪತ್ರಿಕೆಗಳಲ್ಲಿ ವರದಿಗಾರನೇ ಫೋಟೊ ತೆಗೆಯುತ್ತಾನೆ, ಎಷ್ಟೋ ದಿನ ತಲೆಬರಹ ಕೊಡುವವನೂ ಅವನೇ ಆಗಿರುತ್ತಾನೆ. ನಾನೇ ತೆಗೆದು, ನಾನೇ ತಲೆಬರಹ ಬರೆದು, ಹಟ ಹಿಡಿದು ಮುಖಪುಟಕ್ಕೆ ಹಾಕಿಸಿದ ಒಂದು ಫೋಟೊದ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಗುರುತು ಸಿಗಬಾರದೆಂದು ಊರು, ವರ್ಷ ಮತ್ತು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ತೆಂಗಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದ ವೃದ್ಧೆಯೊಬ್ಬರನ್ನು ಬೆಳಗಿನ ಜಾವ ಕೊಂದು, ಮೈಮೇಲಿನ ಒಡವೆಗಳನ್ನು ಕಿತ್ತುಕೊಂಡು ಹೋಗಿದ್ದರು. ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ಅಪ್ಪನೋ ಅಮ್ಮನೋ ಒಬ್ಬರೇ ಉಳಿದಿರುವ ಇಂತಹ ತೋಟದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂಬುದು ಇಲ್ಲಿಯವರಿಗೆ ಗೊತ್ತು. ಆದ್ದರಿಂದ ಆ ಸಾವಿನ ಸುದ್ದಿ ಕೇಳಿದ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರನ್ನು ನೆನೆದು ನಡುಗಿದರು. ಒಂದು ವಾರ ಸಂಜೆ ಏಳಕ್ಕೆಲ್ಲ ಬಾಗಿಲುಗಳು ಮುಚ್ಚಿದವು. ಬಟ್ಟೆ, ಪಾತ್ರೆ ಮಾರಲು ಬಂದ ಪರಸ್ಥಳದವರನ್ನು ಊರ ಮುಂದೆಯೇ ತಡೆದು, ಹೆಸರು ಕೇಳಿ, ವಾಪಸು ಕಳುಹಿಸಿದರು. ಒಂಬತ್ತನೆಯ ದಿನ ಪೊಲೀಸರು ಇಬ್ಬರನ್ನು ಬಂಧಿಸಿದ್ದಾರೆಂದು ತಿಳಿದಾಗ ಆ ಭಯವೆಲ್ಲ ಒಮ್ಮೆಗೇ ಸಿಟ್ಟಾಗಿ ತಿರುಗಿತು. ಠಾಣೆಯ ಮುಂದೆ ಸೇರಿದ ಜನ ಕೂಗಿದ್ದು ಒಂದೇ ಮಾತು: "ನಮ್ಮ ಕೈಗೆ ಕೊಡಿ." ಆ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ನಡುವೆ ನಿಂತಿದ್ದ ನನಗೂ ಅದೇ ಸಿಟ್ಟು ಬಂದಿತ್ತು.

ವೈದ್ಯಕೀಯ ತಪಾಸಣೆಗೆಂದು ಇಬ್ಬರನ್ನೂ ತಲೆಯ ಮೇಲೆ ಕಪ್ಪು ಬಟ್ಟೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆತಂದರು. ಜೀಪಿನಿಂದ ಇಳಿಸುವಾಗ ನೂಕುನುಗ್ಗಲಿನಲ್ಲಿ ಯಾರೋ ಕೈ ಹಾಕಿ ಎಳೆದದ್ದರಿಂದ ಎರಡನೆಯವನ ಮುಸುಕು ಜಾರಿತು. ಎರಡು ಸೆಕೆಂಡು ಇದ್ದಿರಬಹುದು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಬಾಯಿ ಅರ್ಧ ತೆರೆದಿತ್ತು. ನಾನು ಕ್ಲಿಕ್ಕಿಸಿದೆ. ಮರುದಿನ ಅದು ಮುಖಪುಟದಲ್ಲಿ ನಾಲ್ಕು ಕಾಲಂ ಅಗಲಕ್ಕೆ "ಹಂತಕರು ಸಿಕ್ಕಿಬಿದ್ದರು, ತಪ್ಪೊಪ್ಪಿಗೆ" ಎಂಬ ತಲೆಬರಹದಡಿ ಬಂದಿತು. ಮಧ್ಯಾಹ್ನದ ಹೊತ್ತಿಗೆ ಆ ಪುಟ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಹುಡುಗನ ಮುಖದ ಸುತ್ತ ಕೆಂಪು ವೃತ್ತ ಎಳೆದು, ಅವನ ಊರು, ಜಾತಿ, ಅಪ್ಪನ ಹೆಸರನ್ನು ಯಾರೋ ಸೇರಿಸಿದ್ದರು.

"ತಪ್ಪೊಪ್ಪಿಗೆ" ಎಂಬ ಪದ ನನಗೆ ಸಿಕ್ಕಿದ್ದು ಠಾಣೆಯ ಪತ್ರಿಕಾ ಪ್ರಕಟಣೆಯಿಂದ. ಪೊಲೀಸ್ ಕಡತಗಳಲ್ಲಿ ಇದನ್ನು ಸ್ವಇಚ್ಛಾ ಹೇಳಿಕೆ ಎನ್ನುತ್ತಾರೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಸ್ಪಷ್ಟವಾಗಿ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಅದೇ ನಿಯಮ ಮುಂದುವರಿದಿದೆ. ಆ ಹೇಳಿಕೆಯ ಆಧಾರದ ಮೇಲೆ ಹೋಗಿ ಕದ್ದ ಒಡವೆಯೋ ಆಯುಧವೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗವಷ್ಟೇ ನ್ಯಾಯಾಲಯದಲ್ಲಿ ಬೆಲೆ ಪಡೆಯುತ್ತದೆ. ನ್ಯಾಯಾಲಯವು ಬದಿಗಿಡುವ ಕಾಗದವನ್ನೇ ನಾನು ಓದುಗರ ಮುಂದೆ ತೀರ್ಪಿನಂತೆ ಇಟ್ಟಿದ್ದೆ. ಇಷ್ಟು ವರ್ಷ ಕೋರ್ಟ್ ಸುದ್ದಿ ಬರೆಯುವವನಿಗೆ ಇದು ತಿಳಿದಿರಲಿಲ್ಲವೆಂದಲ್ಲ. ತಿಳಿದಿದ್ದರೂ ಆ ದಿನ ಯೋಚಿಸಲಿಲ್ಲ.

ಪ್ರಕರಣದಲ್ಲಿ ಒಬ್ಬ ಮುಖ್ಯ ಸಾಕ್ಷಿ ಇದ್ದರು. ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಸುಕಿನಲ್ಲಿ ಹೊರಟಿದ್ದ ಆ ಊರಿನ ಮಹಿಳೆಯೊಬ್ಬರು, ತೋಟದ ಬೇಲಿ ದಾಟಿ ಬರುತ್ತಿದ್ದ ಇಬ್ಬರು ಅಪರಿಚಿತರನ್ನು ನೋಡಿದ್ದರು. ಮೊದಲ ಆರೋಪಿ ಒಡವೆಗಳನ್ನು ಬಚ್ಚಿಟ್ಟ ಜಾಗ ತೋರಿಸಿದ್ದನಾದ್ದರಿಂದ ಅವನ ಮೇಲಿನ ಪ್ರಕರಣಕ್ಕೆ ಬೇರೆ ಆಧಾರಗಳಿದ್ದವು. ಎರಡನೆಯವನ ಮೇಲೆ ಈ ಮಹಿಳೆಯ ಕಣ್ಣಿನ ನೆನಪನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇಂತಹ ಸಂದರ್ಭಗಳಲ್ಲಿ ಜೈಲಿನೊಳಗೆ ಗುರುತು ಪತ್ತೆ ಪರೇಡ್ ನಡೆಸುತ್ತಾರೆ. ವಯಸ್ಸು, ಮೈಕಟ್ಟು ಹೊಂದುವ ಬೇರೆಯವರ ನಡುವೆ ಆರೋಪಿಯನ್ನು ನಿಲ್ಲಿಸಿ, ಪೊಲೀಸರನ್ನು ಹೊರಗಿಟ್ಟು, ಸಾಕ್ಷಿಯಿಂದ ಗುರುತಿಸಲು ಹೇಳುತ್ತಾರೆ. ಅದಕ್ಕೆ ಮೊದಲು ಸಾಕ್ಷಿ ಆರೋಪಿಯ ಮುಖವನ್ನು ಎಲ್ಲಿಯೂ ಕಂಡಿರಬಾರದು. ಬಂಧಿತರ ತಲೆಗೆ ಬಟ್ಟೆ ಹಾಕುವುದು ಇದಕ್ಕಾಗಿ. ಗುರುತು ಪತ್ತೆ ಆಗಬೇಕಿರುವ ಬಂಧಿತರ ಮುಖವನ್ನು ಮಾಧ್ಯಮದವರಿಗೆ ತೋರಿಸಬಾರದೆಂದು ಕೇಂದ್ರ ಗೃಹ ಸಚಿವಾಲಯವು 2010ರಲ್ಲಿಯೇ ಪೊಲೀಸರಿಗೆ ಸೂಚಿಸಿತ್ತು. "ಕೊಲೆಗಾರರಿಗೆಂಥಾ ಮರ್ಯಾದೆ, ಮುಖ ತೋರಿಸಿ" ಎಂದು ಅಂದು ಆಸ್ಪತ್ರೆಯ ಮುಂದೆ ಕೂಗಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಾವು ಅವರಿಗೆ ಎಂದೂ ಬರೆದು ತಿಳಿಸಿರಲೂ ಇಲ್ಲ.

ಪರೇಡ್‌ನಲ್ಲಿ ಆ ಮಹಿಳೆ ಎರಡನೆಯವನನ್ನು ಗುರುತಿಸಿದರು. ಆದರೆ ಎರಡು ವರ್ಷದ ನಂತರ ವಿಚಾರಣೆ ಆರಂಭವಾಗಿ, ಪಾಟಿ ಸವಾಲಿಗೆ ನಿಂತ ಆರೋಪಿ ಪರ ವಕೀಲರು ಚೀಲದಿಂದ ತೆಗೆದದ್ದು ನಮ್ಮ ಪತ್ರಿಕೆಯ ಅಂದಿನ ಸಂಚಿಕೆಯನ್ನು. ನಾನು ವರದಿಗಾರರ ಬೆಂಚಿನಲ್ಲಿ ಕುಳಿತಿದ್ದೆ. ಈ ಫೋಟೊ ನೋಡಿದ್ದೀರಾ ಎಂದು ಕೇಳಿದರು. ಆಕೆ ಪ್ರಾಮಾಣಿಕರು, "ಡೇರಿಯಲ್ಲಿ ಎಲ್ಲಾ ನೋಡ್ತಿದ್ರು, ನಾನೂ ನೋಡ್ದೆ" ಎಂದರು. ಜೈಲಿಗೆ ಹೋಗುವ ಮೊದಲೋ ನಂತರವೋ ಎಂಬ ಪ್ರಶ್ನೆಗೆ "ಮೊದ್ಲೇ" ಎಂದರು. ಪತ್ರಿಕೆಯನ್ನು ನಿಶಾನೆ ಡಿ-1 ಎಂದು ಗುರುತಿಸಿ ದಾಖಲೆಗೆ ಸೇರಿಸಿಕೊಂಡರು. ಮೇಲೆ ನನ್ನ ಹೆಸರಿನ ಸಾಲು ಇತ್ತು.

ಊಟದ ವಿರಾಮದಲ್ಲಿ ಆಕೆ ನ್ಯಾಯಾಲಯದ ಆವರಣದ ಮರದ ಕೆಳಗೆ ಕುಳಿತಿದ್ದರು. ನಾನು ಯಾರೆಂದು ಹೇಳಿಕೊಂಡು ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಅವತ್ತು ಮಬ್ಬುಗತ್ಲೇಲಿ ನೋಡಿದ್ ಮುಖನೋ, ನಿಮ್ ಪೇಪರಲ್ಲಿ ನೋಡಿದ್ ಮುಖನೋ, ಈಗ ಕಣ್ಮುಚ್ಚಿದ್ರೆ ಯಾವ್ದು ಬತ್ತದೆ ಅಂತ ನಂಗೇ ಗೊತ್ತಾಗಾಕಿಲ್ಲ ಸಾಮಿ" ಎಂದರು.

ಮೊದಲನೆಯವನಿಗೆ ಜೀವಾವಧಿ ಶಿಕ್ಷೆಯಾಯಿತು, ಎರಡನೆಯವನ ಬಿಡುಗಡೆಯಾಯಿತು. ಗುರುತು ಪತ್ತೆಯನ್ನು ನಂಬಲಾಗದು ಎಂಬುದಕ್ಕೆ ತೀರ್ಪಿನಲ್ಲಿ ನೀಡಿದ ಮುಖ್ಯ ಕಾರಣ ಆ ಫೋಟೊ. ಅವನು ಆ ಬೆಳಿಗ್ಗೆ ತೋಟದಲ್ಲಿ ಇದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಇದ್ದದ್ದೇ ನಿಜವಾದರೆ, ಅವನನ್ನು ಬಿಡಿಸಿದ್ದು ಅವನಿಗೆ ಶಿಕ್ಷೆಯಾಗಲೆಂದು ಬಯಸಿದ ನಾನು ಮತ್ತು ನನ್ನ ಓದುಗರು. ಇರಲಿಲ್ಲವೆಂದಾದರೆ, ಏನೂ ಮಾಡದ ಹುಡುಗನ ಮುಖವನ್ನು ಜಿಲ್ಲೆಯ ಮನೆಮನೆಗೆ ಹಂತಕನೆಂದು ಮುಟ್ಟಿಸಿದವನೂ ನಾನೇ. ಸತ್ತ ಅಜ್ಜಿಯ ಮಗಳು ತೀರ್ಪಿನ ದಿನ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಹೋದರು. ಅವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಆ ಬಳಿಕ ಇಂತಹ ಪ್ರಕರಣಗಳನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಖಾಸಗಿ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ, ಅದೇ ದಿನ ಬಂಧಿತನಾದ ಬಸ್ ಕಂಡಕ್ಟರ್ ತಪ್ಪೊಪ್ಪಿಕೊಂಡಿದ್ದಾನೆಂದು ದೇಶವೆಲ್ಲ ನಂಬಿತು. ಎರಡು ತಿಂಗಳ ನಂತರ ಸಿಬಿಐ ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. 2018ರ ಫೆಬ್ರವರಿಯಲ್ಲಿ ಕಂಡಕ್ಟರನನ್ನು ಆರೋಪದಿಂದ ಮುಕ್ತಗೊಳಿಸಲಾಯಿತು. ಹೈದರಾಬಾದಿನಲ್ಲಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು 2019ರ ಡಿಸೆಂಬರ್ 6ರಂದು ಪೊಲೀಸರು ಗುಂಡಿಟ್ಟು ಕೊಂದಾಗ, ಜನ ಪೊಲೀಸರ ಮೇಲೆ ಹೂ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗವು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ಹೇಳಿದ ವರದಿ 2022ರಲ್ಲಿ ಹೊರಬಂದಿತು. ಅಷ್ಟರಲ್ಲಿ ಕೇಳಿ ತಿಳಿಯಬೇಕಾದವರು ಯಾರೂ ಉಳಿದಿರಲಿಲ್ಲ.

ಈಗ ನನ್ನ ವರದಿಗಳಲ್ಲಿ ತೀರ್ಪಿನವರೆಗೂ ಬಂಧಿತರು "ಆರೋಪಿ"ಯೇ. "ಒಪ್ಪಿಕೊಂಡಿದ್ದಾನೆ" ಎಂದು ಪ್ರಕಟಣೆಯಲ್ಲಿದ್ದರೆ ಅದನ್ನು ಬಿಟ್ಟು, ಏನು ಪತ್ತೆಯಾಯಿತು, ಎಲ್ಲಿ, ಯಾವ ಪಂಚರ (ಜಪ್ತಿಯ ಸಾಕ್ಷಿಗಳ) ಮುಂದೆ ಎಂದು ಠಾಣೆಗೆ ಫೋನ್ ಮಾಡಿ ಕೇಳುತ್ತೇನೆ. ಗುರುತು ಪತ್ತೆ ಬಾಕಿ ಇದೆಯೇ ಎಂದು ತಿಳಿಯುವವರೆಗೆ ಬಂಧಿತರ ಫೋಟೊ ಪುಟಕ್ಕೆ ಹೋಗುವುದಿಲ್ಲ. ಇದರಿಂದ ಬೇರೆ ಪತ್ರಿಕೆಗಳಿಗಿಂತ ನಾವು ಹಿಂದೆ ಬಿದ್ದ ದಿನಗಳಿವೆ. "ನಿಮಗೇನು ಕೊಲೆಗಾರರ ಮೇಲೆ ಕನಿಕರವೇ" ಎಂದು ಓದುಗರು ಬೈದು ಫೋನ್ ಮಾಡಿದ್ದಾರೆ. ಅವರಿಗೆ ಡೇರಿಯ ಆ ಹೆಣ್ಣುಮಗಳ ಕಥೆ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ಬಿಡುಗಡೆಯಾದ ಕೆಲವು ದಿನಗಳಿಗೆ ಆ ಹುಡುಗ ತನ್ನ ಅಣ್ಣನ ಜೊತೆ ಕಚೇರಿಗೆ ಬಂದ. ಬಿಡುಗಡೆಯ ಸುದ್ದಿ ಐದನೆಯ ಪುಟದಲ್ಲಿ ಸಣ್ಣದಾಗಿ ಬಂದಿತ್ತು. ಊರಿನಲ್ಲಿ ಯಾರೂ ನೋಡಿಲ್ಲ, ಮುಖಪುಟದಲ್ಲಿ ಹಾಕಿಕೊಡಿ ಎಂದು ಅಣ್ಣ ಕೇಳಿದ. ಸಂಪಾದಕರನ್ನು ಒಪ್ಪಿಸಿ, ಅಂದು ಬಂಧನದ ಸುದ್ದಿ ಬಂದಿದ್ದ ಜಾಗದಲ್ಲಿಯೇ, ಅಷ್ಟೇ ಅಗಲಕ್ಕೆ ಹಾಕುವುದಾಗಿ ಹೇಳಿದೆ. ಅಲ್ಲಿಯವರೆಗೂ ತಲೆ ತಗ್ಗಿಸಿ ನಿಂತಿದ್ದ ಹುಡುಗ ಆಗ ಮೊದಲ ಬಾರಿಗೆ ಮಾತನಾಡಿದ. "ಫೋಟೊ ಮಾತ್ರ ಬ್ಯಾಡ ಸಾರ್."

ಸುದ್ದಿ ನಾಲ್ಕು ಕಾಲಂ ಅಗಲಕ್ಕೆ, ಫೋಟೊ ಇಲ್ಲದೆ ಬಂದಿತು.