ಆಗುಂಬೆಯ ರಾತ್ರಿ ನಡಿಗೆ: ಟಾರ್ಚು ಎಲ್ಲಿ ಹಿಡಿಯಬೇಕು, ಯಾವಾಗ ಆರಿಸಬೇಕು

ಆಗುಂಬೆ ಕಡೆ ರಾತ್ರಿ ನಡಿಗೆಗೆ ಬರುವವರು ಮೊದಲು ಕೇಳುವುದು ಕಾಳಿಂಗ ಸಿಗುತ್ತಾ ಅಂತ. ಕಾಳಿಂಗ ಹಗಲಿನ ಹಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ರಾತ್ರಿಗಳಲ್ಲಿ ಇಲ್ಲಿ ನೋಡಬೇಕಾದವು ಕಪ್ಪೆಗಳು, ಗುಳಿಮಂಡಲ (ಪಿಟ್ ವೈಪರ್) ಹಾವುಗಳು, ಟೊಂಗೆಯ ಮೇಲೆ ನಿದ್ದೆ ಹೊಡೆಯುವ ಓತಿಗಳು.

ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಊರಲ್ಲಿ ಮಳೆ ಬಿಡಲಿ ಅಂತ ಕಾಯುತ್ತ ಕೂರಲಾಗದು, ನಿಜ. ಆದರೂ ಜಡಿಮಳೆಯಲ್ಲಿ ಹೊರಡುವುದು ದಂಡ. ಎಲೆ ಮೇಲೆ ಹನಿ ಬಡಿಯುವ ಸದ್ದಲ್ಲಿ ಕಪ್ಪೆಯ ಕೂಗು ಕೇಳುವುದೇ ಇಲ್ಲ. ಮಧ್ಯಾಹ್ನ ಚೆನ್ನಾಗಿ ಸುರಿದು ಸಂಜೆಗೆ ಜಿಟಿಜಿಟಿಗೆ ಇಳಿದರೆ ಅದೇ ಸರಿಯಾದ ಹೊತ್ತು. ಏಳು ಗಂಟೆಗೆ ಹೊರಟು ಒಂಬತ್ತೂವರೆಗೆ ಮುಗಿಸಿ. ಅಷ್ಟರಲ್ಲಿ ಅರ್ಧ ಕಿಲೋಮೀಟರ್ ದಾಟಿದರೆ ಸಾಕು. ಎರಡು ಕಿಲೋಮೀಟರ್ ನಡೆಸಿದ ಗೈಡು ನಿಮಗೆ ವ್ಯಾಯಾಮ ಮಾಡಿಸಿದ್ದಾನೆ, ಅಷ್ಟೇ.

ಹೆಚ್ಚಿನವರು ಎಡವುವುದು ಬೆಳಕಿನ ವಿಷಯದಲ್ಲಿ. 1,000 ಲ್ಯೂಮೆನ್ ಟಾರ್ಚು ತಂದು ಕಾಡನ್ನೆಲ್ಲ ಬೆಳಗಿಸುತ್ತಾರೆ. ಒದ್ದೆ ಎಲೆಗಳು ಆ ಬೆಳಕನ್ನೆಲ್ಲ ವಾಪಸು ಕಣ್ಣಿಗೇ ಎರಚುತ್ತವೆ. 200–300 ಲ್ಯೂಮೆನ್ ಧಾರಾಳ; ನೀರು ತಡೆಯುವಂಥದ್ದಾಗಿರಬೇಕು, ಹಳದಿ ಛಾಯೆಯ ಬೆಳಕಾದರೆ ಇನ್ನೂ ಒಳ್ಳೆಯದು. ಪ್ರಾಣಿಗಳ ಕಣ್ಣಿನ ಹೊಳಪು ಹುಡುಕುವಾಗ ಟಾರ್ಚು ನಿಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು, ಏಕೆಂದರೆ ಹೊಳಪು ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನೆಲದ ಮೇಲೆ ಸಾಸಿವೆಯಷ್ಟು ನೀಲಿ-ಹಸಿರು ಮಿಣುಕು ಕಂಡರೆ ಅದು ಜೇಡ, ಹತ್ತಿರ ಹೋಗಿ ಹೊತ್ತು ಕಳೆಯಬೇಡಿ. ಮಂಜು ಕವಿದ ರಾತ್ರಿ ಮಾತ್ರ ಇದೇ ಉಪಾಯ ತಿರುಗುಬಾಣ: ಹಣೆ ಮೇಲಿನ ಹೆಡ್‌ಲ್ಯಾಂಪ್ ಮುಂದೆ ಬಿಳಿ ಪರದೆ ಕಟ್ಟಿಬಿಡುತ್ತದೆ. ಆಗ ಅದನ್ನು ಆರಿಸಿ, ಕೈ ಟಾರ್ಚನ್ನು ಸೊಂಟದ ಎತ್ತರದಲ್ಲಿ ಹಿಡಿಯಿರಿ. ಓರೆಯಾಗಿ ಬಿದ್ದ ಬೆಳಕಿಗೆ ನೆರಳು ಮೂಡಿ ಸುತ್ತಿಕೊಂಡ ಹಾವಿನ ಉಬ್ಬು ಎದ್ದು ಕಾಣುತ್ತದೆ.

ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ, ಆಕಾರವನ್ನೇ ಹುಡುಕಬೇಕು. ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ, ಕಿತ್ತಳೆ, ಯಾವ ಬಣ್ಣದಲ್ಲೂ ಇರಬಹುದು. ಬಣ್ಣ ನಂಬಿ ಹೊರಟವರು ಪಕ್ಕದಲ್ಲೇ ಹಾದು ಹೋಗುತ್ತಾರೆ. ಹಳ್ಳದಂಚಿನ ಗಿಡಗಳಲ್ಲಿ ಮೊಣಕಾಲಿನಿಂದ ಎದೆಮಟ್ಟದವರೆಗೆ, ಬಂಡೆಗಳ ಮೇಲೆ ನಿಧಾನ ಕಣ್ಣಾಡಿಸಿ. ಕೂತು ಹೊಂಚುವ ಹಾವಾದ್ದರಿಂದ ಒಂದೇ ಜಾಗದಲ್ಲಿ ಹಲವು ರಾತ್ರಿ ಸಿಗುವುದೂ ಉಂಟು. ಊರಿನ ಗೈಡಿಗೆ ಅದು ಇಂಥ ಕೊಂಬೆ ಅಂತಲೇ ಗೊತ್ತಿರುತ್ತದೆ. ಒಂದೂವರೆ ಮೀಟರಿಗಿಂತ ಹತ್ತಿರ ಹೋಗಬೇಡಿ. ಇದಕ್ಕಿಂತ ಎಚ್ಚರ ಬೇಕಾದದ್ದು ತರಗೆಲೆಯ ನಡುವೆ ತರಗೆಲೆಯೇ ಆಗಿ ಮಲಗಿರುವ ಚಿಕ್ಕ ಹಾವು, ಉಬ್ಬುಮೂಗಿನ ಗುಳಿಮಂಡಲ. ಮೊದಲು ಕಾಲಿಡುವ ಜಾಗ ನೋಡಿ, ಆಮೇಲೆ ಗಿಡ. ಮೊಣಕಾಲುದ್ದದ ಗಂಬೂಟು ಕಡ್ಡಾಯ.

ಗುಳಿಮಂಡಲ ಕಚ್ಚಿದರೆ ಊತ ಬಂದು ಹೋಗುತ್ತದೆ, ಅಷ್ಟೇ ಎಂಬ ಮಾತು ಮಲೆನಾಡಲ್ಲಿ ಓಡಾಡುತ್ತದೆ. ನಂಬಬೇಡಿ. ಉಬ್ಬುಮೂಗಿನದು ಕಚ್ಚಿ ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ, ಗುಳಿಮಂಡಲ ಅದರಲ್ಲಿಲ್ಲ. ಕಚ್ಚಿದರೆ ಉಂಗುರ, ವಾಚು ತೆಗೆದು, ಆ ಕೈ ಅಥವಾ ಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಹೊರಡುವ ಮುನ್ನವೇ ಗಾಡಿ ಎಲ್ಲಿ ನಿಂತಿದೆ, ಓಡಿಸುವವರು ಯಾರು ಎಂದು ಗೊತ್ತಿರಲಿ.

ಕಪ್ಪೆಗೆ ಕಿವಿ ಮುಖ್ಯ. ಹೆಬ್ಬೆರಳ ತುದಿಯಷ್ಟಿರುವ ಪೊದೆಗಪ್ಪೆ ಕಿವಿಗೆ ಹತ್ತಿರವೇ ಇದ್ದಂತೆ ಕೇಳಿಸಿ, ಕಣ್ಣಿಗೆ ಸಿಗದೆ ಸತಾಯಿಸುತ್ತದೆ. ಇಬ್ಬರು ಮೂರ್ನಾಲ್ಕು ಮೀಟರ್ ದೂರ ನಿಂತು, ಟಾರ್ಚು ಆರಿಸಿ, ಕೂಗು ಬಂದ ಕಡೆಗೆ ಕೈ ಚಾಚಬೇಕು. ಒಟ್ಟಿಗೆ ಬೆಳಕು ಹಾಕಿದಾಗ ಎರಡು ಕಿರಣ ಕೂಡುವ ಜಾಗದ ಆಸುಪಾಸಿನಲ್ಲೇ ಅದು ಇರುತ್ತದೆ. ಕೂಗು ನಿಂತಿತೋ, ಬೆಳಕು ಆರಿಸಿ ಎರಡು ಮೂರು ನಿಮಿಷ ಸುಮ್ಮನಿರಿ, ಮತ್ತೆ ಶುರುಮಾಡುತ್ತದೆ. ಪಿಸುಮಾತು ಪರವಾಗಿಲ್ಲ, ಕಾಲು ತುಳಿದಾಡುವುದು ಆಗದು.

ಕೆರೆ, ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಮುದ್ದೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಗೊದಮೊಟ್ಟೆಗಳು ಅದರಿಂದ ನೇರ ಕೆಳಗಿನ ನೀರಿಗೆ ಬೀಳುತ್ತವೆ. ಆ ಕೊಂಬೆ ಎಳೆದು ಫೋಟೊ ತೆಗೆದರೆ ನೊರೆ ಹರಿದು ಮೊಟ್ಟೆ ನೆಲದ ಪಾಲು. ಉತ್ತರ ಕನ್ನಡದ ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡುಗಳಲ್ಲಿ, ಇನ್ನೂ ಜಾಗ್ರತೆ ಬೇಕು. 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಕುಂಬಾರ ಕಪ್ಪೆ ಅಲ್ಲಿಯದು. ಗಂಡು ಹಿಂಗಾಲ ಮೇಲೆ ನಿಂತು ಮುಂಗೈಯಿಂದ ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ. ಹಾಗೆ ಮೆತ್ತಿದ ಮೊಟ್ಟೆ ಬರಿಯ ಕೆಸರಿನಂತೆಯೇ ಕಾಣುವುದರಿಂದ ಹಳ್ಳದೊಳಗೆ ಇಳಿದು ನಡೆಯಲೇಬೇಡಿ.

ಇಂಬಳಕ್ಕೆ ಹೊಗೆಸೊಪ್ಪಿನ ಪುಡಿ, ಉಪ್ಪು ಬಳಿದು ಬರುವವರಿದ್ದಾರೆ. ಕಪ್ಪೆಯ ಚರ್ಮ ನೀರನ್ನೂ ಅದರಲ್ಲಿ ಕರಗಿದ್ದನ್ನೂ ಹೀರುತ್ತದೆ. ಹೊಗೆಸೊಪ್ಪು, ಸೊಳ್ಳೆ ಮುಲಾಮು ಎರಡೂ ಅದಕ್ಕೆ ವಿಷವೇ. ಒತ್ತಾಗಿ ನೇಯ್ದ ಇಂಬಳದ ಕಾಲುಚೀಲ ಹಾಕಿ. ಇನ್ನೊಂದು ಕಾಡಿನಿಂದ ಬರುತ್ತಿದ್ದರೆ ಗಂಬೂಟಿನ ಕೆಸರು ಉಜ್ಜಿ ತೊಳೆದು ಪೂರ್ತಿ ಒಣಗಿಸಿ ತನ್ನಿ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಕೆಸರಲ್ಲಿ ಊರಿಂದೂರಿಗೆ ಹೋಗುತ್ತದೆ, ಒಣಗಿದರೆ ಸಾಯುತ್ತದೆ. ಮಳೆಗಾಲದಲ್ಲಿ ಬೂಟು ಒಣಗಿಸುವುದು ಹೇಗೆ ಎಂದರೆ, ಬಚ್ಚಲ ಒಲೆಯ ಪಕ್ಕ.

ಗೈಡನ್ನು ಗೊತ್ತುಮಾಡುವಾಗ ಮೂರು ವಿಷಯ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಎಂಟಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಡಿಗೆ ಎಲ್ಲಿ? ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಸ್ವಂತ ಅಡಿಕೆ ತೋಟ, ಹೋಂಸ್ಟೇ ಜಾಗ ಎಂದರೆ ಸರಿ, ಅಲ್ಲಿನ ತೋಡುಗಳಲ್ಲೇ ಬೇಕಾದಷ್ಟು ಸಿಗುತ್ತದೆ. ಕೋಲಿನಲ್ಲಿ ಹಾವು ಸರಿಸಿ, ಕಪ್ಪೆ ಹಿಡಿದು ಪಾಚಿಕಲ್ಲಿನ ಮೇಲೆ ಕೂರಿಸಿ ಫೋಟೊ ಮಾಡಿಸುತ್ತೀರಾ? ಹೂಂ ಎಂದರೆ ಬೇರೆಯವರನ್ನು ನೋಡಿ. ಇನ್ನು ಸಕಲೇಶಪುರ, ಕೊಡಗಿನಂಥ ಆನೆ ಓಡಾಡುವ ಕಡೆ ಯಾರು ಎಷ್ಟೇ ಭರವಸೆ ಕೊಟ್ಟರೂ ರಾತ್ರಿ ತೋಟಕ್ಕೆ ಇಳಿಯಬೇಡಿ. ಅಲ್ಲಿ ಹೋಂಸ್ಟೇ ಗೋಡೆ, ಜಗಲಿ ದೀಪದ ಸುತ್ತ ಕಾಣುವ ಹಲ್ಲಿ, ಮರಗಪ್ಪೆಗಳನ್ನೇ ನೋಡಿ.